ಹನ್ನೊಂದು ಜಿಬಿ ಮಳೆ

ನಮ್ಮಪ್ಪ ಸುಳ್ಳು ಹೇಳಿಲ್ಲ ಎಂದು ತೋರಿಸುವುದಕ್ಕೆ ನಾನು ಹನ್ನೊಂದು ಜಿಬಿ ಮಳೆಯನ್ನು ಸಾಲಾಗಿ ನಿಲ್ಲಿಸಬೇಕಾಯಿತು. ನಿಲ್ಲಿಸಿದ್ದು ನಾಲ್ಕು ಜಿಬಿ ಮೆಮೊರಿಯ ಆಫೀಸ್ ಕಂಪ್ಯೂಟರಿನಲ್ಲಿ. ಆಗದ ಕೆಲಸ ಅಂತ ಹೇಳಿದವರು ಬಹಳ ಜನ. ನಮ್ಮ ಮನೆಯವರ ಹಟ ಅವರಿಗೆ ಗೊತ್ತಿರಲಿಲ್ಲ.

ಅಪ್ಪ ಹಾನುಬಾಳು ಸ್ಟ್ಯಾಂಡಿನಲ್ಲಿ ಜೀಪು ಓಡಿಸುವವನು. ಬೆಳಿಗ್ಗೆ ಏಳಕ್ಕೆ ತೋಟದ ಕೆಲಸದ ಹೆಂಗಸರನ್ನು ಹತ್ತಿಸಿಕೊಂಡು, ಹಳ್ಳ ದಾಟಿ, ಮೂರು ಎಸ್ಟೇಟುಗಳಲ್ಲಿ ಇಳಿಸಿ ಬರುವುದು ಅವನ ಟ್ರಿಪ್. ಆ ಹಳ್ಳಕ್ಕಿರುವುದು ಮೋರಿ ಕೂರಿಸಿ ಮೇಲೆ ಕಾಂಕ್ರೀಟು ಹಾಕಿದ ತಗ್ಗು ಸೇತುವೆ. ಪಕ್ಕಕ್ಕೆ ಕಟ್ಟೆ ಇಲ್ಲ, ಕಂಬಿ ಇಲ್ಲ. ಹೋದ ವರ್ಷ ಪುನರ್ವಸು ಮಳೆ ಎರಡು ದಿನ ಬಿಡುವು ಕೊಟ್ಟಿತ್ತು. ಮೂರನೆಯ ಬೆಳಿಗ್ಗೆ, ಆಕಾಶ ಒಣಗಿದ್ದಾಗಲೇ, ಜೀಪು ಸೇತುವೆಯ ನಡುವೆ ಇದ್ದಂತೆ ನೀರು ಏರಿತು. ಎಂಜಿನ್ ನಿಂತುಹೋಯಿತು. ಹಿಂದೆ ಒಂಬತ್ತು ಹೆಂಗಸರು. ಅಪ್ಪ ಜೀಪಿನ ಹಗ್ಗವನ್ನು ದಡದ ಮರಕ್ಕೆ ಕಟ್ಟಿ ಒಬ್ಬೊಬ್ಬರನ್ನೇ ಕೈಹಿಡಿದು ದಾಟಿಸಿದ. ಕೊನೆಗೆ ಉಳಿದವರು ಎಲ್ಲರಿಗಿಂತ ಹಿರಿಯ ಅಜ್ಜಿ. ಅವರು ಜಾರಿ ಕಲ್ಲಿನ ಮೇಲೆ ಬಿದ್ದು ಬಲಗೈಯ ಮಣಿಕಟ್ಟು ಮುರಿದುಕೊಂಡರು. ಜೀವ ಯಾರದೂ ಹೋಗಲಿಲ್ಲ.

ಹೋಗಿದ್ದು ಅಪ್ಪನ ಮಾತಿನ ಬೆಲೆ. "ಮೇಲಿನ ಗುಡ್ಡದಲ್ಲಿ ಹಿಂದಿನ ದಿನವೇ ಮಳೆ ಹೊಯ್ದಿತ್ತು, ಗೊತ್ತಿದ್ದೂ ಇಳಿಸಿದ" ಎಂದು ಸುದ್ದಿ ಹಬ್ಬಿತು. ಅಪ್ಪ ಒಂದೇ ಸಲ ಉತ್ತರ ಕೊಟ್ಟ: "ಹಿಂದಿನ ದಿನ ಮೇಲೂ ಬಿಸ್ಲು ಇತ್ತು. ನೀರು ತಿಳಿಯಾಗಿತ್ತು. ನೋಡೇ ಇಳ್ಸಿದ್ದು." ಮತ್ತೆ ಯಾರು ಕೇಳಿದರೂ ಬಾಯಿ ಬಿಡಲಿಲ್ಲ. ಹೆಂಗಸರ ಟ್ರಿಪ್ಪನ್ನು ಸ್ಟ್ಯಾಂಡಿನವರು ಬೇರೆಯವರಿಗೆ ಕೊಟ್ಟರು. ಅಪ್ಪ ಕೆಲವು ವಾರ ಗೊಬ್ಬರದ ಚೀಲ, ತೋಟದ ನೆರಳಿಗೆ ಬೆಳೆಸುವ ಸಿಲ್ವರ್ ಮರದ ತುಂಡು ಹೇರಿದ. ಆಮೇಲೆ ಜೀಪಿಗೆ ಟಾರ್ಪಾಲು ಹೊದಿಸಿ ಮನೆಯ ಜಗಲಿಯಲ್ಲಿ ಕೂತುಬಿಟ್ಟ. ಮೂವತ್ತು ವರ್ಷ ಬೆಳಿಗ್ಗೆ ಆರಕ್ಕೆ ಹಾರ್ನ್ ಹೊಡೆದು ಊರೆಬ್ಬಿಸಿದವನು ಹಾಗೆ ಕೂತಿದ್ದನ್ನು ನೋಡಿದರೆ ನನಗೆ ಅಳು ಬರುತ್ತಿರಲಿಲ್ಲ, ಸಿಟ್ಟು ಬರುತ್ತಿತ್ತು.

ನಾನು ಕೆಲಸ ಮಾಡುವುದು ಸಕಲೇಶಪುರದಲ್ಲಿ, ಬೆಳೆಗಾರರ ಒಂದು ಸಣ್ಣ ಸಂಘದ ಆಫೀಸಿನಲ್ಲಿ. ದಿನವೂ ಬಸ್ಸಿನಲ್ಲಿ ಹೋಗಿ ಬರುತ್ತೇನೆ. ಸಂಘದವರು ನಲವತ್ತೆರಡು ತೋಟಗಳಲ್ಲಿ ಮಳೆ ಅಳೆಯುವ ಪೆಟ್ಟಿಗೆ ಇಟ್ಟಿದ್ದಾರೆ. ಪ್ರತಿ ಪೆಟ್ಟಿಗೆ ನಿಮಿಷಕ್ಕೊಮ್ಮೆ ಒಂದು ಸಾಲು ಕಳಿಸುತ್ತದೆ: ತಾರೀಖು, ಹೊತ್ತು, ಮಳೆ ಎಷ್ಟು. ತಗ್ಗು ಸೇತುವೆಯ ಪಕ್ಕದ ಬಂಡೆಗೆ ಹಳ್ಳದ ಮಟ್ಟ ಅಳೆಯುವ ಪೆಟ್ಟಿಗೆಯನ್ನೂ ಹಾಕಿದ್ದಾರೆ. ಆರು ವರ್ಷದಿಂದ ಇದೆಲ್ಲ ಒಂದೇ ಫೈಲಿಗೆ ಬಂದು ಬೀಳುತ್ತಿದೆ. ಹನಿ ಹನಿ ಗೂಡಿದರೆ ಹಳ್ಳ ಎನ್ನುವ ಗಾದೆಯನ್ನು ನಮ್ಮ ಸಂಘದವರು ನಂಬಿಬಿಟ್ಟಿದ್ದರು. ಕೂಡಿಸಿದ್ದರೇ ಹೊರತು ತಿರುಗಿ ನೋಡಿದವರಿಲ್ಲ.

ಏಪ್ರಿಲ್ ತಿಂಗಳಲ್ಲಿ ನಾನು ಸ್ಟ್ಯಾಂಡಿನ ಹಿರಿಯರ ಹತ್ತಿರ ಹೋದೆ. ಅವರೊಬ್ಬ ಸಾಹೇಬರು, ತಂದೆಯ ಕಾಲದಿಂದ ಜೀಪು, ಲಾರಿ ನಡೆಸಿಕೊಂಡು ಬಂದವರು. ಯಾರಿಗೆ ಯಾವ ಟ್ರಿಪ್ ಎನ್ನುವುದು ಅವರ ಬಾಯಿಂದಲೇ ಬರಬೇಕು. ಹಾನುಬಾಳಿನ ಮತ್ತು ಹಳ್ಳದ ಪೆಟ್ಟಿಗೆಗಳ ಆ ಒಂದು ದಿನದ ಅಳತೆಯನ್ನು ಫೈಲಿನಿಂದ ಹೆಕ್ಕಿ ಒಯ್ದಿದ್ದೆ. ಹಾನುಬಾಳಿನಲ್ಲಿ ಅವತ್ತು ಒಂದು ಹನಿಯೂ ಬಿದ್ದಿಲ್ಲ, ಏಳೂ ನಲವತ್ತಕ್ಕೆ ಹಳ್ಳ ಏರಿದೆ ಎಂದು ತೋರಿಸಿದೆ.

ಅವರು ಕನ್ನಡಕ ತೆಗೆದು ಕಾಗದ ವಾಪಸು ಕೊಟ್ಟರು. "ಇಲ್ಲಿ ಮಳೆ ಇರ್ಲಿಲ್ಲ ಅಂತ ನಮ್ಗೂ ಗೊತ್ತೈತಮ್ಮ. ಮೇಲೆ ಯಾವಾಗ ಹೊಯ್ತು, ಅದು ಹೇಳು. ಒಂದು ದಿನದ ಮಾತು ಬ್ಯಾಡ. ಹಳ್ಳದ ಚಾಳಿ ಏನು? ಮೇಲೆ ಹೊಯ್ದ ಎಷ್ಟೊತ್ತಿಗೆ ಕೆಳಗೆ ಬರ್ತೈತೆ? ಪ್ರತೀ ಸಲ ಹಂಗೇನಾ? ಅದು ತೋರ್ಸಿದ್ರೆ ನಿಮ್ಮಪ್ಪನ ಟ್ರಿಪ್ ನಾನೇ ವಾಪಸ್ ಕೊಡ್ತೀನಿ. ಮೃಗಶಿರಾ ಮಳೆಗೆ ಮುಂಚೆ ತಾ."

ನ್ಯಾಯವಾದ ಮಾತು. ನನಗೆ ಆ ನ್ಯಾಯದ ಮೇಲೂ ಸಿಟ್ಟು ಬಂತು.

ಪ್ರತಿ ಸಲ ಹಾಗೇನಾ ಎಂದು ಹೇಳಬೇಕಾದರೆ ಆರು ವರ್ಷದ ಎಲ್ಲ ಪೆಟ್ಟಿಗೆಗಳ ಸಾಲುಗಳೂ ಹೊತ್ತಿನ ಪ್ರಕಾರ ಒಂದರ ಹಿಂದೆ ಒಂದು ನಿಲ್ಲಬೇಕು. ಫೈಲಿನಲ್ಲಿ ಅವು ಹಾಗಿರಲಿಲ್ಲ. ನಮ್ಮ ಕಡೆ ಗಾಳಿಗೆ ಮರ ಬಿದ್ದರೆ ವಾರಗಟ್ಟಲೆ ನೆಟ್‌ವರ್ಕ್ ಇರುವುದಿಲ್ಲ. ಆಗ ಪೆಟ್ಟಿಗೆಗಳು ಅಳತೆಯನ್ನು ಹೊಟ್ಟೆಯಲ್ಲಿ ಇಟ್ಟುಕೊಂಡಿದ್ದು, ಟವರ್ ಬಂದಾಗ ಒಟ್ಟಿಗೆ ಕಕ್ಕುತ್ತವೆ. ಹಾಗಾಗಿ ಜುಲೈ ಮಳೆ ಸೆಪ್ಟೆಂಬರಿನ ನಡುವೆ ಕೂತಿರುತ್ತದೆ.

ಫೈಲನ್ನು ಹೊತ್ತಿನ ಪ್ರಕಾರ ಜೋಡಿಸು ಎಂದು ಕಂಪ್ಯೂಟರಿಗೆ ಹೇಳಿದೆ. ಅದು ಇಡೀ ಫೈಲನ್ನು ಮೆಮೊರಿಗೆ ಎಳೆದುಕೊಳ್ಳಲು ಹೋಗಿ ನಿಂತಲ್ಲೇ ನಿಂತುಬಿಟ್ಟಿತು. ಮೌಸ್ ಕೂಡ ಅಲ್ಲಾಡಲಿಲ್ಲ. ಆಫ್ ಮಾಡಿ ಮತ್ತೆ ಶುರು ಮಾಡಿದೆ. ಮತ್ತೆ ಹಾಗೇ. ಹೊಸ ಕಂಪ್ಯೂಟರ್ ಕೇಳಿದ್ದಕ್ಕೆ ಸಂಘದಲ್ಲಿ "ಮುಂದಿನ ವರ್ಷ ನೋಡೋಣ" ಎಂದರು. ನನಗೆ ಬೇಕಿದ್ದದ್ದು ಈ ವರ್ಷ.

ಒಂದು ಭಾನುವಾರ ಜಗಲಿಯಲ್ಲಿ ಅಪ್ಪನ ಪಕ್ಕ ಕೂತು ಕಂಪ್ಯೂಟರಿಗೆ ಬಾಯಿಗೆ ಬಂದಂತೆ ಬಯ್ಯುತ್ತಿದ್ದೆ. ಯಾತಕ್ಕಾಗಿ ಜೋಡಿಸುತ್ತಿದ್ದೇನೆ ಎಂದು ಅವನಿಗೆ ಹೇಳಿರಲಿಲ್ಲ. ಆಫೀಸಿನ ಕೆಲಸ ಅಂದಿದ್ದೆ. ಅಪ್ಪ ಕೇಳಿಸಿಕೊಂಡು ಹೇಳಿದ:

"ಎಲ್ಲಾ ಒಂದೇ ಸಲ ಹಾಸಕ್ಕೆ ಜಾಗ ಇಲ್ಲ ಅಂತ ತಾನೆ? ನಿಮ್ಮಕ್ಕನ ಮದ್ವೆ ಕಾಗ್ದ ಹೆಂಗ್ ಜೋಡ್ಸಿದ್ವಿ, ಮರ್ತ್ಬುಟ್ಯಾ?"

ಒಳಗಿನಿಂದ ಅವ್ವ ನಕ್ಕಳು. "ಮಂಚದ ಮೇಲೆ ಅಲ್ವಾ! ನನ್ ಸೊಂಟ ಇನ್ನೂ ಮರ್ತಿಲ್ಲ."

ನೆನಪಾಯಿತು. ನಮ್ಮಲ್ಲಿ ಲಗ್ನಪತ್ರಿಕೆಯನ್ನು ಮನೆಬಾಗಿಲಿಗೇ ಹೋಗಿ ಕೊಡಬೇಕು. ಅದರಲ್ಲೂ ದಾರಿಯಲ್ಲಿ ಮೊದಲು ಸಿಗುವ ಮನೆಯನ್ನು ದಾಟಿ ಮುಂದಿನ ಮನೆಗೆ ಕೊಟ್ಟು, ವಾಪಸು ಬರುವಾಗ ಇವರಿಗೆ ಕೊಟ್ಟರೆ ಮುಗಿಯಿತು. "ಅವ್ರಾದ್ಮೇಲೆ ನಾವಾ?" ಎಂದು ಮದುವೆಗೇ ಬರುವುದಿಲ್ಲ. ಅದಕ್ಕೆ ಆರುನೂರು ಪತ್ರಿಕೆಯೂ ದಾರಿಯ ಪ್ರಕಾರ ಜೋಡಿಸಿರಬೇಕು. ಮನೆ ತುಂಬ ನೆಂಟರು, ಅಕ್ಕಿಮೂಟೆ. ಖಾಲಿ ಇದ್ದದ್ದು ಒಂದು ಮಂಚ. ಅವ್ವ ನಲವತ್ತು ಪತ್ರಿಕೆ ತಂದು ಮಂಚದ ಮೇಲೆ ಹಾಸುವಳು. ಅಪ್ಪ ಕಣ್ಣುಮುಚ್ಚಿ ಮನಸ್ಸಿನಲ್ಲೇ ಜೀಪು ಓಡಿಸಿಕೊಂಡು "ಮೊದ್ಲು ಇವ್ರು, ಆಮೇಲೆ ಅವ್ರು" ಎನ್ನುವನು. ಆ ನಲವತ್ತು ಸಾಲಾದರೆ ದಾರ ಕಟ್ಟಿ ಅಟ್ಟಕ್ಕೆ. ಮತ್ತೆ ನಲವತ್ತು. ಹೀಗೆ ಹದಿನೈದು ಕಟ್ಟು.

ಆಮೇಲಿನದೇ ಚಂದ. ಹದಿನೈದು ಕಟ್ಟನ್ನೂ ಮಂಚದ ಮೇಲೆ ಪಕ್ಕಪಕ್ಕ ಇಟ್ಟು, ಪ್ರತಿ ಕಟ್ಟಿನ ಮೇಲಿನ ಒಂದೊಂದು ಪತ್ರಿಕೆಯನ್ನು ಮಾತ್ರ ನೋಡುವುದು. ಹದಿನೈದರಲ್ಲಿ ದಾರಿಯಲ್ಲಿ ಮೊದಲು ಸಿಗುವ ಮನೆ ಯಾವುದೋ ಅದನ್ನು ಎತ್ತಿ ಚೀಲಕ್ಕೆ ಹಾಕುವುದು. ಆ ಕಟ್ಟಿನಲ್ಲಿ ಕೆಳಗಿನದು ಮೇಲೆ ಬರುತ್ತದೆ. ಮತ್ತೆ ಹದಿನೈದನ್ನು ನೋಡುವುದು. ಅಡಿಯಲ್ಲಿರುವುದನ್ನು ಕೆದಕುವ ಅಗತ್ಯವೇ ಇಲ್ಲ, ಯಾಕೆಂದರೆ ಅದು ಮೇಲಿನದಕ್ಕಿಂತ ಮೊದಲಿನ ಮನೆ ಆಗಿರಲಾರದು. ಕಾಲೇಜಿನ ಪುಸ್ತಕದಲ್ಲೂ ಇದೇ ಇತ್ತು, ಬೇರೆ ಹೆಸರಿನಲ್ಲಿ. ಪರೀಕ್ಷೆಗೆ ಬರೆದು ಮರೆತಿದ್ದೆ. ಮಂಚ ಮರೆತಿರಲಿಲ್ಲ.

ಸೋಮವಾರವೇ ಶುರು ಮಾಡಿದೆ. ಫೈಲನ್ನು ಅರ್ಧರ್ಧ ಜಿಬಿಯ ಇಪ್ಪತ್ತೆರಡು ತುಂಡು ಮಾಡಿ, ಒಂದು ತುಂಡನ್ನು ಮಾತ್ರ ಮೆಮೊರಿಗೆ ತಂದು, ಹೊತ್ತಿನ ಪ್ರಕಾರ ಜೋಡಿಸಿ ಡಿಸ್ಕಿಗೆ ಬರೆಸಿದೆ. ಮೊದಲನೆಯ ತುಂಡು ತೆರೆದು ನೋಡಿದರೆ ಬೇರೆ ಬೇರೆ ತಿಂಗಳ ಒಂದನೇ ತಾರೀಖುಗಳೆಲ್ಲ ಒಟ್ಟಿಗೆ ಕೂತಿವೆ. ತಾರೀಖು ಬರೆಯುವಾಗ ದಿನ ಮೊದಲು, ವರ್ಷ ಕೊನೆಗೆ ಇತ್ತು. ಯಂತ್ರ ಎಡಗಡೆಯಿಂದ ಓದಿಕೊಂಡು ಹೋಗಿತ್ತು. ವರ್ಷ, ತಿಂಗಳು, ದಿನ ಎಂದು ತಿರುಗಿಸಿ ಮತ್ತೆ ಮೊದಲಿಂದ.

ಹದಿನಾಲ್ಕನೆಯ ತುಂಡಿನಲ್ಲಿ ಡಿಸ್ಕು ತುಂಬಿತು. ಮೂಲ ಫೈಲು ಹನ್ನೊಂದು, ತುಂಡುಗಳದು ಇನ್ನೊಂದು ಹನ್ನೊಂದು, ಕೊನೆಗೆ ಕೂಡಿಸಿದ್ದು ಮತ್ತೊಂದು ಹನ್ನೊಂದು ಎಂದು ನಾನು ಲೆಕ್ಕ ಹಾಕಿರಲಿಲ್ಲ. ಸಂಘದ ವಾರ್ಷಿಕ ಸಭೆಯ ಊಟದ ವಿಡಿಯೊಗಳನ್ನೆಲ್ಲ ಪೆನ್‌ಡ್ರೈವಿಗೆ ಸಾಗಿಸಿ ಜಾಗ ಮಾಡಿದೆ. ಆರು ವರ್ಷದ ಹೋಳಿಗೆ ಅದರಲ್ಲಿತ್ತು.

ಕೂಡಿಸುವ ದಿನ ಮಧ್ಯಾಹ್ನ ಗುಡುಗಿ ಕರೆಂಟು ಹೋಯಿತು. ಯುಪಿಎಸ್ ಹತ್ತು ನಿಮಿಷ ಕೂಗಿ ಸುಮ್ಮನಾಯಿತು. ಆದರೂ ಜೋಡಿಸಿದ ಇಪ್ಪತ್ತೆರಡು ತುಂಡುಗಳು ಡಿಸ್ಕಿನಲ್ಲಿ ಗಟ್ಟಿಯಾಗಿದ್ದವು, ಅಟ್ಟದ ಮೇಲಿನ ಕಟ್ಟುಗಳ ಹಾಗೆ. ಕೂಡಿಸುವುದನ್ನಷ್ಟೇ ಮರುದಿನ ಮತ್ತೆ ಶುರು ಮಾಡಿದೆ. ಯಂತ್ರ ಒಂದೊಂದು ತುಂಡಿನ ಮೇಲಿನ ಸಾಲು ನೋಡುವುದು, ಎಲ್ಲಕ್ಕಿಂತ ಹಳೆಯದನ್ನು ಎತ್ತಿ ಬರೆಯುವುದು, ಆ ತುಂಡಿನಿಂದ ಇನ್ನೊಂದು ಸಾಲು ತರುವುದು. ಮೆಮೊರಿಗೆ ಏನೂ ಭಾರವಿಲ್ಲ. ಮೌಸ್ ಕೂಡ ಆರಾಮಾಗಿ ಓಡಾಡುತ್ತಿತ್ತು. ಸಂಜೆಯ ಬಸ್ಸಿಗೆ ಮುಂಚೆ ಮುಗಿಯಿತು. ಆರು ವರ್ಷದ ಮಳೆ ಒಂದೇ ಸಾಲಿನಲ್ಲಿ ನಿಂತಿತ್ತು.

ಆತುರ ನನ್ನ ಹುಟ್ಟುಗುಣ. ಹಳ್ಳದ ಚಾಳಿ ಹುಡುಕುವುದು ಬಿಟ್ಟು ಮೊದಲು ಹೋದ ವರ್ಷದ ಆ ದಿನಕ್ಕೆ ಹಾರಿದೆ. ಏಳೂ ನಲವತ್ತಕ್ಕೆ ಹಳ್ಳ ಏರಿದ ಸಾಲು ಇತ್ತು. ಅದರಿಂದ ಹಿಂದಕ್ಕೆ ಹೋದೆ. ಮೇಲಿನ ಗುಡ್ಡದ ತೋಟದ ಸಾಲು ಸಿಕ್ಕಿತು: ಮೂರು ಇಂಚು ನಲವತ್ತು ಸೆಂಟು, ಅಂದರೆ ಹತ್ತಿರ ಹತ್ತಿರ ಮೂರೂವರೆ ಇಂಚು. ಅಂಥ ಮಳೆಗೆ ಯಾವ ಹಳ್ಳವೂ ಏರುತ್ತದೆ. ಆದರೆ ಅದರ ತಾರೀಖು ಹಿಂದಿನ ದಿನದ್ದು. ಬೆಳಿಗ್ಗೆ ಎಂಟು ಗಂಟೆ.

ಊರಿನವರು ಹೇಳಿದ್ದೇ ನಿಜವಾಗಿತ್ತು. ಆ ಹಾಳೆಯನ್ನು ಪ್ರಿಂಟ್ ತೆಗೆದು ಬಸ್ಸು ಹತ್ತಿದೆ. ಹೇಳಬಾರದಿತ್ತೇನೋ. ಆದರೆ ನಮ್ಮಪ್ಪ ನನ್ನನ್ನು ಬೆಳೆಸಿದ ರೀತಿಯಲ್ಲಿ ಮುಚ್ಚಿಡುವುದು ನನಗೆ ಬರುವುದಿಲ್ಲ. ಜಗಲಿಯಲ್ಲಿ ಅವನ ಮುಂದೆ ಹಾಳೆ ಹಿಡಿದು ಎಲ್ಲ ಹೇಳಿದೆ: ಏನು ಹುಡುಕುತ್ತಿದ್ದೆ, ಯಾಕೆ, ಏನು ಸಿಕ್ಕಿತು.

"ಅಪ್ಪ, ಮೇಲೆ ಹಿಂದಿನ ದಿನಾನೇ ಮಳೆ ಆಗಿತ್ತಂತೆ."

ಅಪ್ಪ ಹಾಳೆಯನ್ನು ತೆಗೆದುಕೊಂಡು ನೋಡಿದ. "ಮಷೀನು ಸುಳ್ಳು ಹೇಳಲ್ಲ ಅಲ್ವಾ?" ಎಂದ. ಮಡಚಿ ಅಂಗಿಯ ಜೇಬಿನಲ್ಲಿಟ್ಟುಕೊಂಡ. "ಹಂಗಾದ್ರೆ ನನ್ ಕಣ್ಣೇ ಮೋಸ ಹೋಗೈತೆ ಬಿಡು." ಎದ್ದು ಹೋಗಿ ಟಾರ್ಪಾಲಿನ ಸಡಿಲಾಗಿದ್ದ ಮೂಲೆಯನ್ನು ಬಿಗಿಯಾಗಿ ಕಟ್ಟಿದ. ಆ ಗಂಟನ್ನು ಕಟ್ಟಿದ ರೀತಿ ನೋಡಿ ನನಗೆ ಗೊತ್ತಾಯಿತು, ಅವನು ಇನ್ನು ಅದನ್ನು ಬಿಚ್ಚುವುದಿಲ್ಲ.

ಮರುದಿನ ಆಫೀಸಿನಲ್ಲಿ ಆ ಸಾಲನ್ನೇ ದಿಟ್ಟಿಸುತ್ತ ಕೂತಿದ್ದಾಗ ಒಂದು ಸರಳ ಪ್ರಶ್ನೆ ಬಂತು. ಮೂರೂವರೆ ಇಂಚು ಹಿಂದಿನ ದಿನ ಹೊಯ್ದಿದ್ದರೆ, ಹಳ್ಳ ಹಿಂದಿನ ದಿನ ಯಾಕೆ ಏರಲಿಲ್ಲ? ಇಡೀ ಒಂದು ದಿನ ಆ ನೀರು ಎಲ್ಲಿ ಕೂತಿತ್ತು?

ಸಾಹೇಬರು ಕೇಳಿದ್ದ ಕೆಲಸವನ್ನು ಆಗ ಮಾಡಿದೆ. ಆರು ವರ್ಷದಲ್ಲಿ ಹಳ್ಳ ಏರಿದ ಪ್ರತಿಯೊಂದು ಸಲಕ್ಕೂ ಹೋಗಿ, ಮೇಲಿನ ಗುಡ್ಡದಲ್ಲಿ ಅದಕ್ಕೆ ಮುಂಚೆ ಜೋರು ಮಳೆ ಯಾವಾಗ ಹಿಡಿಯಿತು ಎಂದು ಬರೆದುಕೊಂಡೆ. ಒಂದೂವರೆ ಗಂಟೆ. ಒಂದೂ ಮುಕ್ಕಾಲು. ಒಂದೂವರೆ. ಒಂದೂ ನಲವತ್ತು. ಹಳ್ಳಕ್ಕೆ ಬಸ್ಸಿಗಿಂತ ಹೆಚ್ಚು ಶಿಸ್ತಿತ್ತು. ಆದರೆ ನಡುನಡುವೆ ಕೆಲವು ತಿಂಗಳು ಇದೇ ಹಳ್ಳ ಸೋಮಾರಿಯಾಗುತ್ತಿತ್ತು. ಮೇಲೆ ಮಳೆ ಬಂದು ಅರ್ಧ ದಿನ, ಒಂದು ದಿನ ಕಳೆದ ಮೇಲೆ ಏರುತ್ತಿತ್ತು. ಆ ತಿಂಗಳುಗಳನ್ನು ಪಟ್ಟಿ ಮಾಡಿದೆ. ಎಲ್ಲವೂ ಮೇಲಿನ ಗುಡ್ಡದ ಪೆಟ್ಟಿಗೆ ಕೆಟ್ಟಿದ್ದ ತಿಂಗಳುಗಳು. ಆಗೆಲ್ಲ ಆ ತೋಟದ ರೈಟರ್ ಪುಸ್ತಕದಲ್ಲಿ ಬರೆದಿಟ್ಟ ಮಳೆಯನ್ನು ತಂದು ಫೈಲಿಗೆ ಸೇರಿಸಿದ್ದರು.

ಸೇರಿಸಿದ್ದವಳು ನಾನೇ. ಬ್ಯಾಗು ಎತ್ತಿಕೊಂಡು ಬಸ್ಸು ಹಿಡಿದೆ.

ಮೇಲಿನ ಎಸ್ಟೇಟಿನ ರೈಟರ್ ಕಾಫಿ ಸ್ಟೋರಿನ ಪಕ್ಕದ ಕೋಣೆಯಲ್ಲಿದ್ದರು. ತೋಟದ ಲೆಕ್ಕಪತ್ರ, ಆಳುಗಳ ಹಾಜರಿ, ಮಳೆ, ಎಲ್ಲ ಅವರ ಕೈಯಲ್ಲೇ. ಮಳೆ ಪುಸ್ತಕ ತೆಗೆಸಿ ಆ ದಿನ ತೋರಿಸಿದೆ.

"ಇದು ಯಾವತ್ತಿನ ಮಳೆ ಸಾರ್?"

"ಬರ್ದೈತಲ್ಲ ಕಣವ್ವ."

"ಬರೆದಿದ್ದಲ್ಲ. ಮಳೆ ಗಾಜಿನಲ್ಲಿ ಅಳೆದಿದ್ದು ಯಾವತ್ತು?"

ಅವರಿಗೆ ನನ್ನ ಪ್ರಶ್ನೆಯೇ ವಿಚಿತ್ರವಾಗಿ ಕಂಡಿತು. "ಮಾರನೇ ದಿನ ಬೆಳಿಗ್ಗೆ ಎಂಟಕ್ಕೆ. ಎಂಟಕ್ಕೆ ಅಳೆದಿದ್ದು ನಿನ್ನೆ ಮಳೆ ತಾನೆ? ನಿನ್ನೆ ತಾರೀಕಿಗೆ ಬರೀತೀವಿ. ನಮ್ ದಿನ ಶುರುವಾಗೋದೇ ಎಂಟಕ್ಕೆ. ನಮ್ಮಪ್ಪನ ಕಾಲ್ದಿಂದ ಹಂಗೇ. ಯಾಕೆ, ನಿಂಗೊತ್ತಿಲ್ವಾ?"

ಗೊತ್ತಿತ್ತು. ಇದೇ ನನ್ನನ್ನು ಕೊಂದದ್ದು. ಚಿಕ್ಕಂದಿನಿಂದ ಕೇಳಿ ಬೆಳೆದ ಪದ್ಧತಿ. ಈ ಗುಡ್ಡಗಳಲ್ಲಿ ಅದನ್ನು ಯಾರಿಗೂ ಹೇಳಿಕೊಡಬೇಕಿಲ್ಲ. ಆದರೆ ಕಂಪ್ಯೂಟರಿನ ಮುಂದೆ ಕೂತಾಗ ನಾನು ಪುಸ್ತಕದ ತಾರೀಖನ್ನು ಇದ್ದಂತೆಯೇ ಕುಟ್ಟಿದ್ದೆ, ಪಕ್ಕದಲ್ಲಿ ಎಂಟು ಗಂಟೆ ಎಂದು ಸೇರಿಸಿದ್ದೆ. ಪುಸ್ತಕದ ಮಳೆಯೆಲ್ಲ ಒಂದೊಂದು ದಿನ ಹಿಂದಕ್ಕೆ ಹೋಗಿತ್ತು. ದೀಪದ ಬುಡದಲ್ಲಿ ಕತ್ತಲೆ.

ರೈಟರ್ ಪುಸ್ತಕದ ಅಂಚಿಗೆ ಬೆರಳಿಟ್ಟರು. ಅಲ್ಲಿ ಪೆನ್ಸಿಲಿನಲ್ಲಿ ಸಣ್ಣಗೆ: "ಹಗಲು ಬಿಸಿಲು. ಬೆಳಗಿನ 6ರಿಂದ ಜೋರು." ಫೈಲಿನಲ್ಲಿ ಅದಕ್ಕೆ ಜಾಗವಿರಲಿಲ್ಲವೆಂದು ಅದನ್ನು ನಾನು ಕುಟ್ಟಿರಲೇ ಇಲ್ಲ. ಮಾರನೆಯ ಬೆಳಿಗ್ಗೆ ಆರಕ್ಕೆ ಮೇಲೆ ಹಿಡಿದ ಮಳೆ ಏಳೂ ನಲವತ್ತಕ್ಕೆ ಕೆಳಗೆ ಬಂದಿದೆ. ಹಳ್ಳ ತನ್ನ ಚಾಳಿ ಬಿಟ್ಟಿರಲಿಲ್ಲ.

"ಆರು ಗಂಟೆಗೆ ನಾನಿಲ್ಲೇ ಛತ್ರಿ ಹಿಡ್ಕಂಡು ನಿಂತಿದ್ದೆ," ಎಂದರು ರೈಟರ್, ಮೆತ್ತಗೆ. "ಕೆಳಗೆ ನಿಮ್ಮಪ್ಪ ಜೀಪ್ ಇಳಿಸ್ತಾನೆ ಅಂತ ಹೊಳೀಲೇ ಇಲ್ಲ. ಇನ್ಮೇಲೆ ಜೋರು ಹಿಡುದ್ರೆ ಫೋನ್ ಹಾಕ್ತೀನಿ. ನಂಬರ್ ಕೊಡು."

ಪುಸ್ತಕದ ಸಾಲುಗಳನ್ನೆಲ್ಲ ಒಂದು ದಿನ ಮುಂದಕ್ಕೆ ತಳ್ಳಿ, ಮಳೆ ಹಿಡಿದ ಹೊತ್ತನ್ನು ಅಂಚಿನ ಪೆನ್ಸಿಲ್ ಬರಹದಿಂದ ಸೇರಿಸಿ, ಆ ತುಂಡುಗಳನ್ನು ಮತ್ತೆ ಜೋಡಿಸಿ, ಇಪ್ಪತ್ತೆರಡನ್ನೂ ಮತ್ತೆ ಕೂಡಿಸಿದೆ. ಸೋಮಾರಿ ತಿಂಗಳುಗಳು ಮಾಯವಾದವು. ಆದರೆ ಅದಕ್ಕೂ ಮೊದಲು, ಅವತ್ತೇ ಸಂಜೆ, ಮನೆಗೆ ಹೋಗಿ ಅಪ್ಪನ ಎದುರು ನಿಂತೆ.

"ಸುಳ್ಳು ಹೇಳಿದ್ದು ಮಷೀನಲ್ಲ ಅಪ್ಪ. ನಾನು. ತಾರೀಖು ತಪ್ಪು ಹಾಕಿದ್ದೆ. ನಿನ್ ಕಣ್ಣು ಸರಿಯಾಗೇ ನೋಡೈತೆ. ನೀನು ಹೊರಟಾಗ ಮೇಲೆ ಮಳೆ ಹಿಡಿದು ಬರೀ ಒಂದು ಗಂಟೆ. ಕೆಳಗಿದ್ದವರಿಗೆ ಯಾರಿಗೂ ಗೊತ್ತಾಗೋ ಹಂಗಿರ್ಲಿಲ್ಲ." ಹೇಳುವಾಗ ನಾನು ಅಳುತ್ತಿದ್ದೆ, ಅದನ್ನು ಯಾಕೆ ಮುಚ್ಚಿಡಲಿ.

ಅಪ್ಪ ಜೇಬಿನಿಂದ ಮಡಚಿದ ಹಾಳೆ ತೆಗೆದ. ನಾನು ಹರಿದುಹಾಕಲು ಕೈ ಚಾಚಿದರೆ ಕೊಡಲಿಲ್ಲ. "ಇರ್ಲಿ ಬಿಡು," ಎಂದು ಮತ್ತೆ ಜೇಬಿಗೇ ಇಟ್ಟುಕೊಂಡ. ಬೈದಿದ್ದರೆ ಹಗುರಾಗುತ್ತಿತ್ತು.

ಸಾಹೇಬರು ಪಟ್ಟಿಯನ್ನು ಸ್ಟ್ಯಾಂಡಿನಲ್ಲೇ, ಎಲ್ಲ ಡ್ರೈವರುಗಳ ಎದುರು, ಮೇಲಿಂದ ಕೆಳಗೆ ಓದಿದರು. "ಪ್ರತೀ ಸಲ ಹಂಗೇ ಐತಲ್ಲಯ್ಯ!" ಎಂದರು. ನಾನು ಮಾಡಿದ ತಪ್ಪನ್ನೂ ಹೇಳಿಸಿ ಕೇಳಿದರು. ಆಮೇಲೆ ಅಪ್ಪನ ಕಡೆ ತಿರುಗಿ, "ಮಾರಾಯ, ಒಂದು ವರ್ಷ ನಿನ್ನ ಮಾತು ನಂಬ್ಲಿಲ್ಲ. ನಾಳೆಯಿಂದ ಟ್ರಿಪ್ ನಿಂದೇ," ಎಂದರು. ಅಪ್ಪ ಮನೆಗೆ ಬಂದು ಟಾರ್ಪಾಲಿನ ಗಂಟು ಬಿಚ್ಚಿದ.

ಮೃಗಶಿರಾ ಹಿಡಿದ ಎರಡನೇ ವಾರ. ನಾನೂ ಅವತ್ತು ರಜೆ ಹಾಕಿ ಜೀಪಿನಲ್ಲಿದ್ದೆ. ಹಾನುಬಾಳಿನಲ್ಲಿ ನೆಲ ಒಣಗಿತ್ತು. ಹೊರಡುವಾಗಲೇ ಅಪ್ಪನ ಫೋನು ಹೊಡೆದುಕೊಂಡಿತು. ಮೇಲಿನ ರೈಟರ್: "ಆರೂವರೆಯಿಂದ ಜೋರು ಹಿಡ್ದೈತೆ." ಅಪ್ಪ ಸೇತುವೆಗೆ ಐವತ್ತು ಮಾರು ಹಿಂದೆ ಜೀಪು ನಿಲ್ಲಿಸಿ ಕೀಲಿ ತೆಗೆದ. ಹಳ್ಳದ ನೀರು ತಿಳಿಯಾಗಿ ಮೋರಿಯೊಳಗೆ ಹರಿಯುತ್ತಿತ್ತು.

ಹೆಂಗಸರು ಗೊಣಗಿದರು. "ಬಿಸ್ಲು ಕಾಯ್ತೈತೆ, ಇದ್ಯಾವ ಮಳೆ?" "ಹಾಜರಿ ಹೋಗ್ಬುಡ್ತದೆ ಕಣಣ್ಣ." ಆಗ ಹಿಂದಿನ ಸೀಟಿನಿಂದ ಒಬ್ಬರು ಕಷ್ಟಪಟ್ಟು ಇಳಿದರು. ಸೊಟ್ಟಗೆ ಕೂಡಿದ ಮಣಿಕಟ್ಟಿನ ಅದೇ ಅಜ್ಜಿ. ಒಂದು ವರ್ಷದ ನಂತರ ಅಪ್ಪನ ಜೀಪು ಹತ್ತಿದ ಮೊದಲ ದಿನ. ರಸ್ತೆ ಬದಿಯ ಕಲ್ಲಿನ ಮೇಲೆ ಕೂತು ಎಡಗೈಯಲ್ಲಿ ಎಲೆಅಡಿಕೆ ಚೀಲ ಬಿಚ್ಚಿದರು. "ಕುತ್ಕಳ್ರೇ ಸುಮ್ನೆ. ಅವ್ನು ನಿಲ್ಸವ್ನೆ ಅಂದ್ರೆ ನಿಲ್ಸವ್ನೆ," ಎಂದರು.

ಎಲ್ಲರೂ ಇಳಿದು ಕೂತರು. ಎಂಟು ಹೊಡೆಯಿತು. ಎಂಟೂ ಐದು. ಎಂಟೂ ಹತ್ತಕ್ಕೆ ಹಳ್ಳದ ಸದ್ದು ಬದಲಾಯಿತು. ಮೊದಲು ತರಗೆಲೆ, ಆಮೇಲೆ ಕೆಂಪು ನೀರು, ಆಮೇಲೆ ಒಂದು ಇಡೀ ಬಿದಿರು ಮೆಳೆ ಸೇತುವೆಯ ಮೇಲೆ ಉರುಳಿಕೊಂಡು ಹೋಯಿತು. ಅಜ್ಜಿ ಒಂದು ಎಲೆಗೆ ಸುಣ್ಣ ಸವರಿ, ಮಡಚಿ, ಅಪ್ಪನ ಕೈಗೆ ಕೊಟ್ಟರು.

ಅಪ್ಪ ಅದನ್ನು ಬಾಯಿಗೆ ಹಾಕಿಕೊಂಡ. ಜೇಬಿನಿಂದ ಆ ಹಳೆಯ ಹಾಳೆ ತೆಗೆದು, ಬಿಡಿಸಿ, ಖಾಲಿ ಇದ್ದ ಹಿಂಬದಿ ಮೇಲೆ ಮಾಡಿ ನನ್ನ ತೊಡೆಯ ಮೇಲಿಟ್ಟ. ಪೆನ್ನನ್ನೂ ಕೊಟ್ಟ.

"ಬರ್ಕೊ ಮಗ. ಎಂಟೂ ಹತ್ತು," ಎಂದ. "ತಾರೀಕು ಇವತ್ತಿಂದೇ ಹಾಕು."